ಡಾ. ದಿಲೀಪ್ ಮಹಲನಾಬಿಸ್ ಬಗ್ಗೆ ಬರೆಯುವಾಗ: 1971ರಲ್ಲಿ ಬೊನ್‌ಗಾಂವ್‌ನಲ್ಲಿ ನಿಜಕ್ಕೂ ಏನು ನಡೆಯಿತು?

ಗೋಡೆಪತ್ರಿಕೆ (ಪ್ರಶ್ನೆ)

ನವೆಂಬರ್ 12 ಡಾ. ದಿಲೀಪ್ ಮಹಲನಾಬಿಸ್ ಹುಟ್ಟಿದ ದಿನ. ಆ ಹೊತ್ತಿಗೆ ವಿಜ್ಞಾನ ವಿದ್ಯಾರ್ಥಿಗಳ ಪತ್ರಿಕೆಗೆ ಅವರ ಬದುಕು ಮತ್ತು ಕೆಲಸದ ಮೇಲೆ ಒಂದು ಲೇಖನ ತಯಾರಾಗಬೇಕು. ಕೈಗೆ ಸಿಗುವ ಬರಹಗಳೆಲ್ಲ ಒಂದೇ ಅಚ್ಚಿನವು: ಓಆರ್‌ಎಸ್ (ಭೇದಿಯಾದಾಗ ಕುಡಿಸುವ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು) ಕಂಡುಹಿಡಿದರು, 1971ರಲ್ಲಿ ಬೊನ್‌ಗಾಂವ್‌ನಲ್ಲಿ ಕಾಲರಾ ಬಂದ ನಿರಾಶ್ರಿತರಿಗೆ ಕುಡಿಸಿದರು, ಲಕ್ಷಾಂತರ ಮಕ್ಕಳನ್ನು ಉಳಿಸಿದರು, ತೀರಿಕೊಂಡ ಮೇಲೆ ಪದ್ಮವಿಭೂಷಣ ಬಂತು. ಒಂದರ ಪಕ್ಕ ಒಂದಿಟ್ಟು ಓದಿದರೆ ವಿವರಗಳು ತಾಳೆಯಾಗುವುದಿಲ್ಲ.

ಒಂದು ಕಡೆ ಲೀಟರಿಗೆ 20 ಗ್ರಾಂ ಗ್ಲೂಕೋಸ್ ಅಂತ ಇದೆ, ಇನ್ನೊಂದು ಕಡೆ 22. ಕೆಲವರು ಪೊಟ್ಯಾಸಿಯಂ ಇತ್ತು ಅನ್ನುತ್ತಾರೆ, ಕೆಲವರು ಇರಲಿಲ್ಲ ಅನ್ನುತ್ತಾರೆ. "ಡ್ರಿಪ್ ಹಾಕಿದವರಲ್ಲಿ ಸಾವು ಶೇ 30, ಓಆರ್‌ಎಸ್ ಕುಡಿದವರಲ್ಲಿ ಶೇ 3.6" ಎಂಬ ವಾಕ್ಯ ಎಲ್ಲೆಡೆ ಇದೆ. ಅದು ಸರಿಯಾದ ಹೋಲಿಕೆಯೇ? ಢಾಕಾದಲ್ಲಿ ಅಮೆರಿಕನ್ ವೈದ್ಯರು ಇದನ್ನು ಮೊದಲೇ ಮಾಡಿದ್ದರು ಅಂತಲೂ ಇದೆ. ಹಾಗಿದ್ದರೆ "ಕಂಡುಹಿಡಿದವರು" ಎಂದು ಬರೆಯುವುದು ಸರಿಯೇ?

ಹೊಗಳಿಕೆ ಬೇಡ. ಅವರು ನಿಜಕ್ಕೂ ಏನು ಮಾಡಿದರು, ಹೇಗೆ ಮಾಡಿದರು ಎಂಬ ವಿವರ ಬೇಕು. ಗೊತ್ತಿರುವವರು ಬಿಡಿಸಿ ಹೇಳಿ.

---

ಹಳೇ_ಕಡತ

ಮೊದಲು ಜೀವನದ ಚೌಕಟ್ಟು. ಹುಟ್ಟಿದ್ದು 1934ರಲ್ಲಿ, ಅವಿಭಜಿತ ಬಂಗಾಳದ ಕಿಶೋರ್‌ಗಂಜ್‌ನಲ್ಲಿ. ಆ ಊರು ಈಗ ಬಾಂಗ್ಲಾದೇಶದಲ್ಲಿದೆ. ಕಲ್ಕತ್ತಾ ಮೆಡಿಕಲ್ ಕಾಲೇಜಿನಿಂದ 1958ರಲ್ಲಿ ಪದವಿ, ಆಮೇಲೆ ಮಕ್ಕಳ ವೈದ್ಯಕೀಯದಲ್ಲಿ ತರಬೇತಿ. ಬ್ರಿಟನ್ನಿನಲ್ಲಿ ಓದು ಮತ್ತು ಕೆಲಸ ಮುಗಿಸಿಕೊಂಡು ಬಂದು, 1966ರಲ್ಲಿ ಕಲ್ಕತ್ತೆಯಲ್ಲಿದ್ದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸೇರಿದರು. ತೀರಿಕೊಂಡದ್ದು 2022ರ ಅಕ್ಟೋಬರ್ 16ರಂದು, ಕೋಲ್ಕತ್ತದಲ್ಲಿ. ಪದ್ಮವಿಭೂಷಣ ಘೋಷಣೆಯಾದದ್ದು 2023ರ ಜನವರಿಯಲ್ಲಿ. ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೋಬಿಸ್ ಬೇರೆಯವರು. ಫೋಟೊ ಹುಡುಕುವಾಗ ಇಬ್ಬರೂ ಕಲಸಿಹೋಗುತ್ತಾರೆ, ಜೋಪಾನ.

"ಕಂಡುಹಿಡಿದವರು" ಅಂತ ಬರೆಯಬೇಡಿ. ಅದು ಸರಿಯೂ ಅಲ್ಲ, ಅವರಿಗೆ ನ್ಯಾಯ ಒದಗಿಸುವ ಮಾತೂ ಅಲ್ಲ. ಓಆರ್‌ಎಸ್‌ಗೆ ಒಬ್ಬ ಜನಕ ಇಲ್ಲ, ಒಂದು ವಂಶಾವಳಿಯೇ ಇದೆ.

1953ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 186 ಕಾಲರಾ ರೋಗಿಗಳ ವರದಿ ಪ್ರಕಟಿಸಿದರು. ಲೀಟರ್ ನೀರಿಗೆ 4 ಗ್ರಾಂ ಉಪ್ಪು, 25 ಗ್ರಾಂ ಗ್ಲೂಕೋಸ್. ಜೊತೆಗೆ ವಾಂತಿ ನಿಲ್ಲಲು ಮಾತ್ರೆ, ಭೇದಿಗೆ ದೊಡ್ಡಪತ್ರೆ ಎಲೆಯ ರಸ. ಸೂತ್ರ ಇವತ್ತಿನದಕ್ಕೆ ಎಷ್ಟು ಹತ್ತಿರವಿದೆ ನೋಡಿ. ಆದರೆ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ, ಒಳಗೆ ಹೋದ ನೀರೆಷ್ಟು, ಹೊರಗೆ ಹೋದದ್ದೆಷ್ಟು ಎಂಬ ಅಳತೆ ಇರಲಿಲ್ಲ, ಗ್ಲೂಕೋಸ್ ಯಾಕೆ ಬೇಕು ಎಂಬ ಕಾರಣವೂ ಆಗ ಗೊತ್ತಿರಲಿಲ್ಲ. ಹಾಗಾಗಿ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಕಾರಣ ಸಿಕ್ಕಿದ್ದು 1960ರಲ್ಲಿ. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಒಳಗೆ ಹೋಗುತ್ತವೆ ಎಂದು ರಾಬರ್ಟ್ ಕ್ರೇನ್ ಪ್ರಾಗ್‌ನ ಸಭೆಯಲ್ಲಿ ಮಂಡಿಸಿದರು. ಆಮೇಲೆ ಅಮೆರಿಕ ನೌಕಾಪಡೆಯ ರಾಬರ್ಟ್ ಫಿಲಿಪ್ಸ್ ಮನಿಲಾದಲ್ಲಿ ಗ್ಲೂಕೋಸ್ ಬೆರೆಸಿ ಕುಡಿಸಿ ನೋಡಿದರು. ಮೊದಲು ಫಲ ಕಂಡಿತು. ಮುಂದಿನ ಪ್ರಯೋಗದಲ್ಲಿ ದ್ರಾವಣ ತೀರಾ ಗಾಢವಾಗಿದ್ದರಿಂದ 40 ರೋಗಿಗಳಲ್ಲಿ 5 ಮಂದಿ ಸತ್ತರು. ಈ ದಾರಿಯಲ್ಲಿ ಇನ್ನೊಬ್ಬರು ಧೈರ್ಯವಾಗಿ ಹೆಜ್ಜೆ ಇಡಲು ವರ್ಷಗಳೇ ಬೇಕಾದವು.

1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್, ಅದೇ ಕಾಲಕ್ಕೆ ಕಲ್ಕತ್ತೆಯಲ್ಲಿ ನಥಾನಿಯೆಲ್ ಪಿಯರ್ಸ್ ಮತ್ತು ಸಂಗಡಿಗರು ಇದನ್ನು ಅಳೆದು ತೂಗಿ ಸಾಬೀತು ಮಾಡಿದರು. ರೋಗಿಯಿಂದ ಎಷ್ಟು ಹೋಗುತ್ತದೋ ಅಷ್ಟನ್ನೇ ಕುಡಿಸುತ್ತ ಬಂದರೆ ರಕ್ತನಾಳಕ್ಕೆ ಹಾಕಬೇಕಾದ ಸಲೈನ್ ಶೇ 80ರಷ್ಟು ಕಡಿಮೆಯಾಗುತ್ತದೆ ಎಂಬುದು ಢಾಕಾ ತಂಡದ ಫಲಿತಾಂಶ.

ಇಷ್ಟೆಲ್ಲ ನಡೆದದ್ದು ಸಂಶೋಧನಾ ವಾರ್ಡಿನೊಳಗೆ. ಕಾಲರಾ ಮಂಚ ಅಂದರೆ ನಡುವೆ ತೂತು ಕೊರೆದ ಕ್ಯಾನ್ವಾಸ್ ಮಂಚ. ತೂತಿನ ಕೆಳಗೆ ಬಕೆಟ್, ಬಕೆಟ್ಟಿನಲ್ಲಿ ಬಿದ್ದದ್ದನ್ನು ಗಂಟೆಗಳ ಲೆಕ್ಕದಲ್ಲಿ ಅಳೆದು ಬರೆದುಕೊಳ್ಳಲು ದಾದಿ, ರಕ್ತ ಪರೀಕ್ಷೆಗೆ ಪಕ್ಕದಲ್ಲೇ ಪ್ರಯೋಗಾಲಯ. ಇದ್ಯಾವುದೂ ಇಲ್ಲದ ಕಡೆ ಈ ನೀರು ಕೆಲಸ ಮಾಡುತ್ತದೆಯೇ? 1971ರವರೆಗೆ ಯಾರಿಗೂ ಗೊತ್ತಿರಲಿಲ್ಲ. ಮಹಲನಾಬಿಸ್ ಅವರ ಜಾಗ ಇರುವುದು ಇಲ್ಲಿ.

---

ತಕ್ಕಡಿ

ಬೊನ್‌ಗಾಂವ್ ಭಾಗ ನಾನು ಬರೆಯುತ್ತೇನೆ. ಈ ಕಥೆಯ ಜೀವ ಇರುವುದು ಇದರ ವಿವರಗಳಲ್ಲೇ, ಮತ್ತು ಶ್ರದ್ಧಾಂಜಲಿ ಲೇಖನಗಳು ಒಂದೇ ವಾಕ್ಯದಲ್ಲಿ ದಾಟಿಬಿಡುವುದೂ ಇದನ್ನೇ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಭಾರತಕ್ಕೆ ಬಂದ ನಿರಾಶ್ರಿತರು ಸುಮಾರು ಒಂದು ಕೋಟಿ. ಬೊನ್‌ಗಾಂವ್ ಪಶ್ಚಿಮ ಬಂಗಾಳದಲ್ಲಿ ಗಡಿಗೆ ಅಂಟಿಕೊಂಡಿರುವ ಊರು. ಮಳೆಗಾಲ ಶುರುವಾಗುತ್ತಿದ್ದಂತೆ ಕಾಲರಾ ಹಬ್ಬಿತು. ಮಹಲನಾಬಿಸ್ ಅವರ ತಂಡ ಅಲ್ಲಿಗೆ ತಲುಪಿದಾಗ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗಿದ್ದದ್ದು ಎರಡು ಕೋಣೆ. ನೆಲದ ತುಂಬ ರೋಗಿಗಳು. ಡ್ರಿಪ್ ಹಾಕಬೇಕೆಂದರೆ ಭೇದಿ, ವಾಂತಿಯ ಮೇಲೆಯೇ ಮೊಣಕಾಲೂರಿ ಕೂರಬೇಕು. ತಂಡದಲ್ಲಿ ಸೂಜಿ ಚುಚ್ಚಿ ಡ್ರಿಪ್ ಹಾಕಲು ನುರಿತವರು ಇಬ್ಬರೇ. ಸಲೈನ್ ದಾಸ್ತಾನು ಬೇರೆ ಮುಗಿಯುತ್ತ ಬಂದಿತ್ತು. ಎರಡು ದಿನದೊಳಗೆ ಈ ದಾರಿಯಲ್ಲಿ ಗೆಲ್ಲುವುದಿಲ್ಲ ಎಂಬುದು ಅವರಿಗೆ ಖಚಿತವಾಯಿತು.

ಸಲೈನ್ ಯಾಕೆ ಸಾಲದು ಎಂಬುದಕ್ಕೆ ಲೆಕ್ಕ ಹಾಕಿ. 50 ಕೆ.ಜಿ. ತೂಕದವರು ತೀವ್ರ ನಿರ್ಜಲೀಕರಣದಲ್ಲಿ ಬಂದರೆ ದೇಹತೂಕದ ಶೇ 10ರಷ್ಟು, ಅಂದರೆ 5 ಲೀಟರ್ ನೀರು ಆಗಲೇ ಹೋಗಿರುತ್ತದೆ. ಅದನ್ನು ತುಂಬಿದ ಮಾತ್ರಕ್ಕೆ ಮುಗಿಯಿತು ಅಂತಲ್ಲ. ಭೇದಿ ಜೋರಿದ್ದಾಗ ಗಂಟೆಗೆ ಒಂದು ಲೀಟರಿನವರೆಗೂ ಹೋಗಬಹುದು, ಎರಡು ಮೂರು ದಿನ ಸೋರುತ್ತಲೇ ಇರುತ್ತದೆ. ಪೂರ್ತಿ ಡ್ರಿಪ್ಪಿನಲ್ಲೇ ನಡೆಸುವುದಾದರೆ ಒಬ್ಬರಿಗೇ ರಾಶಿ ಬಾಟಲಿ ಬೇಕು.

ಅವರು ಆರಿಸಿಕೊಂಡ ಸೂತ್ರ, ಲೀಟರ್ ನೀರಿಗೆ:

ವ್ಯಾಪಾರಿ ದರ್ಜೆಯ ಗ್ಲೂಕೋಸ್ 22 ಗ್ರಾಂ
ಅಡುಗೆ ಉಪ್ಪು 3.5 ಗ್ರಾಂ
ಅಡುಗೆ ಸೋಡಾ 2.5 ಗ್ರಾಂ

ಅಷ್ಟೇ. ಪೊಟ್ಯಾಸಿಯಂ ಇರಲಿಲ್ಲ. ಅದು ಬೇಕು ಎಂದು ಗೊತ್ತಿಲ್ಲದೆ ಬಿಟ್ಟದ್ದಲ್ಲ. ಕೆಲಸ ಮಾಡುತ್ತದೆಂದು ಅದಾಗಲೇ ತಿಳಿದಿದ್ದ ಸೂತ್ರಗಳಲ್ಲಿ ಅತ್ಯಂತ ಕಡಿಮೆ ಸಾಮಗ್ರಿಯದನ್ನು ಆರಿಸಿದರು. ಮೂರೂ ವಸ್ತುಗಳು ಪೇಟೆಯಲ್ಲಿ ಮೂಟೆಗಟ್ಟಲೆ ಸಿಗುತ್ತಿದ್ದವು. ಲೀಟರಿಗೆ ಸಾಮಗ್ರಿಯ ಖರ್ಚು ಆಗಿನ ದರದಲ್ಲಿ ಸುಮಾರು 11 ಪೈಸೆ.

ತೂಗಿ ಪೊಟ್ಟಣ ಕಟ್ಟುವ ಕೆಲಸ ನಡೆದದ್ದು ಕಲ್ಕತ್ತೆಯ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ. ಪ್ಲಾಸ್ಟಿಕ್ ಚೀಲಕ್ಕೆ ತೂಗಿ ತುಂಬುವುದು, ಬಾಯಿಯನ್ನು ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಮುಚ್ಚುವುದು, ಬೆರೆಸುವ ವಿಧಾನದ ಚೀಟಿ ಹಚ್ಚುವುದು. ದೊಡ್ಡ ಪೊಟ್ಟಣ 16 ಲೀಟರಿನದು. ಶಿಬಿರದಲ್ಲಿ ಪೊಟ್ಟಣ ಒಡೆದು ನಲ್ಲಿ ಇರುವ ಡ್ರಮ್ಮಿಗೆ ಸುರಿದು ಶುದ್ಧ ನೀರು ತುಂಬಿ ಕಲಕುತ್ತಿದ್ದರು. ರೋಗಿಯ ಜೊತೆ ಬಂದ ತಾಯಿಯೋ ಅಣ್ಣನೋ ಲೋಟದಲ್ಲಿ ಹಿಡಿದು ತಂದು ಕುಡಿಸುತ್ತಿದ್ದರು.

ಪೊಟ್ಟಣದ ಗಾತ್ರಕ್ಕೆ ಸ್ವಲ್ಪ ನಿಲ್ಲಿ, ಲೇಖನದಲ್ಲಿ ಇದಕ್ಕೊಂದು ಪ್ಯಾರಾ ಕೊಡಿ. 16 ಲೀಟರಿಗೆ ಗ್ಲೂಕೋಸ್ 352 ಗ್ರಾಂ, ಉಪ್ಪು 56 ಗ್ರಾಂ, ಸೋಡಾ 40 ಗ್ರಾಂ, ಒಟ್ಟು 448 ಗ್ರಾಂ. ಉಪ್ಪು ತೂಗುವಾಗ 5 ಗ್ರಾಂ ಹೆಚ್ಚಾಯಿತು ಅನ್ನಿ. 16 ಲೀಟರಿನಲ್ಲಿ ಹರಡಿಕೊಂಡರೆ ಸೋಡಿಯಂ ಏರುವುದು ಲೀಟರಿಗೆ 5 ಮಿಲಿಮೋಲ್ (ಕರಗಿದ ಕಣಗಳ ಎಣಿಕೆಯ ಅಳತೆ) ಚಿಲ್ಲರೆ. ಅದರಿಂದ ಏನೂ ಆಗುವುದಿಲ್ಲ. ಅದೇ 5 ಗ್ರಾಂ ತಪ್ಪು ಒಂದು ಲೀಟರಿನ ಪೊಟ್ಟಣದಲ್ಲಿ ಆದರೆ ಸೋಡಿಯಂ 86 ಮಿಲಿಮೋಲ್ ಏರಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಮಗುವಿಗೆ ಅದು ಅಪಾಯ. ಸಾದಾ ತಕ್ಕಡಿಯಲ್ಲಿ ಸಾವಿರಾರು ಲೀಟರಿಗೆ ತೂಗಬೇಕಾದಾಗ ದೊಡ್ಡ ಪೊಟ್ಟಣವೇ ಕ್ಷೇಮ.

ಕುಡಿಸಿದ್ದು ಹೀಗೆ: ನಾಡಿ ಸಿಗದೆ, ಪ್ರಜ್ಞೆ ತಪ್ಪಿ ಬಂದವರಿಗೆ ಮೊದಲು ಡ್ರಿಪ್. ನಾಡಿ ಮರಳಿ ಕುಡಿಯುವ ಶಕ್ತಿ ಬಂದ ಕೂಡಲೇ ಡ್ರಿಪ್ ಬಿಚ್ಚಿ ಬಾಯಿಗೆ. ಉಳಿದವರಿಗೆ ಮೊದಲಿಂದಲೇ ಬಾಯಿಗೆ. ಇದ್ದಬದ್ದ ಸಲೈನ್ ಅದಿಲ್ಲದಿದ್ದರೆ ಬದುಕದವರಿಗೇ ಮೀಸಲಾಯಿತು. ಸೂತ್ರದಷ್ಟೇ ಮುಖ್ಯ ಈ ಹಂಚಿಕೆ.

ಸಿಬ್ಬಂದಿ ಸಲೀಸಾಗಿ ಒಪ್ಪಲಿಲ್ಲ. ಕಾಲರಾಕ್ಕೆ ರಕ್ತನಾಳದ ಸಲೈನ್ ಒಂದೇ ಮದ್ದು ಎಂದು ಕಲಿತವರಿಗೆ ಉಪ್ಪು ಸಕ್ಕರೆ ನೀರು ಎರಡನೇ ದರ್ಜೆಯ ಚಿಕಿತ್ಸೆಯಂತೆ ಕಾಣುತ್ತಿತ್ತು. ಕಣ್ಣೆದುರು ರೋಗಿಗಳು ಎದ್ದು ಕೂತ ಮೇಲೆ ನಂಬಿಕೆ ಬಂತು. ಬಾಂಗ್ಲಾದ ಗುಪ್ತ ರೇಡಿಯೊ ಕೇಂದ್ರವೊಂದು ಈ ನೀರು ಮಾಡುವ ವಿಧಾನವನ್ನು ಬಿತ್ತರಿಸಿತು ಎಂಬುದನ್ನೂ ಮಹಲನಾಬಿಸ್ ಅವರೇ ಹೇಳಿದ್ದಾರೆ.

---

ಗೋಡೆಪತ್ರಿಕೆ

16 ಲೀಟರಿನ ಲೆಕ್ಕ ಯಾವ ಬರಹದಲ್ಲೂ ಕಂಡಿರಲಿಲ್ಲ, ಖಂಡಿತ ಬಳಸುತ್ತೇನೆ. 20, 22ರ ಗೊಂದಲ ಹಾಗೇ ಉಳಿಯಿತು. ಕಾಲರಾ ಕರುಳನ್ನೇ ಹಾಳು ಮಾಡುವಾಗ ಕುಡಿದ ನೀರು ಅದೇ ಕರುಳಿನಿಂದ ಹೇಗೆ ಒಳಗೆ ಹೋಗುತ್ತದೆ ಎಂದು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಅದನ್ನೂ ಯಾರಾದರೂ ವಿವರಿಸಿ.

---

ಮಿಲಿಮೋಲ್

ಎರಡೂ ಅಂಕಿ ಸರಿ. ಪೇಟೆಯಲ್ಲಿ ಸಿಗುವ ಸಾಮಾನ್ಯ ಗ್ಲೂಕೋಸ್ ಮಾನೋಹೈಡ್ರೇಟ್. ಪ್ರತಿ ಅಣುವಿನ ಜೊತೆ ಒಂದು ನೀರಿನ ಅಣು ಅಂಟಿರುತ್ತದೆ, ಅಣುತೂಕ 198. ನೀರಿಲ್ಲದ ಗ್ಲೂಕೋಸಿನದು 180. 22 ಗ್ರಾಂ ಭಾಗಿಸು 198, 20 ಗ್ರಾಂ ಭಾಗಿಸು 180, ಎರಡೂ 111 ಮಿಲಿಮೋಲ್. ಬೊನ್‌ಗಾಂವ್‌ನಲ್ಲಿ ತೂಗಿದ್ದು ಮೊದಲನೆಯದು. ಲೇಖನದಲ್ಲಿ "22 ಗ್ರಾಂ, ಮಾನೋಹೈಡ್ರೇಟ್" ಎಂದೇ ಬರೆಯಿರಿ.

ಸೋಡಿಯಂ: ಉಪ್ಪು 3.5 ಗ್ರಾಂನಿಂದ 60 ಮಿಲಿಮೋಲ್, ಅಡುಗೆ ಸೋಡಾ 2.5 ಗ್ರಾಂನಿಂದ 30, ಒಟ್ಟು 90. ವಿಶ್ವ ಆರೋಗ್ಯ ಸಂಸ್ಥೆ 1975ರ ಹೊತ್ತಿಗೆ ಒಪ್ಪಿದ ಸೂತ್ರ ಇದೇ ಅಡಿಪಾಯದ ಮೇಲೆ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿಕೊಂಡದ್ದು. ಪೊಟ್ಯಾಸಿಯಂ ಇತ್ತು ಎನ್ನುವವರು ಈ ಎರಡನ್ನು ಬೆರೆಸಿಕೊಂಡಿದ್ದಾರೆ.

ಎರಡನೇ ಪ್ರಶ್ನೆಗೆ ಬರೋಣ. ಕಾಲರಾ ಕರುಳಿನ ಗೋಡೆಯನ್ನು ಹಾಳು ಮಾಡುವುದಿಲ್ಲ. ಬ್ಯಾಕ್ಟೀರಿಯಾ ಬಿಡುವ ವಿಷ ಗೋಡೆಯ ಜೀವಕೋಶಗಳಲ್ಲಿ ಕ್ಲೋರೈಡ್ ಹೊರಬಿಡುವ ದಾರಿಯನ್ನು ತೆರೆದಿಟ್ಟುಬಿಡುತ್ತದೆ. ಕ್ಲೋರೈಡಿನ ಬೆನ್ನಿಗೆ ಸೋಡಿಯಂ, ಅದರ ಬೆನ್ನಿಗೆ ನೀರು ಕರುಳಿನೊಳಗೆ ಸುರಿಯುತ್ತದೆ. ಆ ವಿಷ ಇದೆ ಎಂದು 1959ರಲ್ಲಿ ತೋರಿಸಿಕೊಟ್ಟವರೂ ಕಲ್ಕತ್ತೆಯವರೇ, ಶಂಭುನಾಥ ಡೇ. ಅವರಿಗೊಂದು ಪ್ರತ್ಯೇಕ ಲೇಖನ ಸಲ್ಲಬೇಕು.

ಕರುಳಿನಲ್ಲಿ ಉಪ್ಪು ಒಳಗೆ ಹೋಗಲು ಹಲವು ಬಾಗಿಲುಗಳಿವೆ. ವಿಷ ಬರಿಯ ಉಪ್ಪಿನ ಹೀರಿಕೆಯನ್ನು ತಡೆಯುತ್ತದೆ. ಹಾಗಾಗಿ ಉಪ್ಪುನೀರು ಮಾತ್ರ ಕುಡಿಸಿದರೆ ಭೇದಿ ಹೆಚ್ಚುತ್ತದೆ ಅಷ್ಟೇ. ಆದರೆ ಎರಡು ಸೋಡಿಯಂ ಅಯಾನುಗಳನ್ನು ಒಂದು ಗ್ಲೂಕೋಸ್ ಅಣುವಿನ ಜೊತೆ ಒಳಗೆಳೆಯುವ ಎಸ್‌ಜಿಎಲ್‌ಟಿ1 ಎಂಬ ಪ್ರೋಟೀನಿಗೆ ವಿಷ ತಟ್ಟುವುದಿಲ್ಲ. ಗ್ಲೂಕೋಸ್ ಇಲ್ಲಿ ಶಕ್ತಿ ಕೊಡಲಿಕ್ಕಲ್ಲ, ಸೋಡಿಯಂ ಒಳಗೆ ಹೋಗುವ ಆ ಬಾಗಿಲು ತೆರೆಯಲಿಕ್ಕೆ. ಹೆಚ್ಚು ಸಕ್ಕರೆ ಹಾಕಿದರೆ ಹೆಚ್ಚು ಒಳ್ಳೆಯದು ಎಂಬ ತಪ್ಪು ಹುಟ್ಟುವುದು ಇದನ್ನು ತಿಳಿಯದ್ದರಿಂದ. ಕರುಳಿನಲ್ಲಿ ಹೀರದೆ ಉಳಿದ ಸಕ್ಕರೆ ರಕ್ತದಿಂದ ನೀರನ್ನು ಕರುಳಿಗೇ ಎಳೆಯುತ್ತದೆ. ಮನಿಲಾದಲ್ಲಿ ಗಾಢ ದ್ರಾವಣ ಮುಳುವಾದದ್ದರ ಹಿಂದೆ ಇರುವುದೂ ಸಾಂದ್ರತೆಯ ಇದೇ ಲೆಕ್ಕ.

ಅಡುಗೆ ಸೋಡಾ ಯಾಕೆ? ಕಾಲರಾ ಭೇದಿಯಲ್ಲಿ ಬೈಕಾರ್ಬೊನೇಟ್ (ಅಡುಗೆ ಸೋಡಾದಲ್ಲಿರುವುದೂ ಅದೇ) ಬಹಳ ಹೋಗುತ್ತದೆ, ರಕ್ತ ಆಮ್ಲೀಯವಾಗುತ್ತದೆ, ರೋಗಿ ದೀರ್ಘವಾಗಿ ಏದುಸಿರು ಬಿಡುತ್ತಾನೆ. ಸೋಡಾ ಅದನ್ನು ಸರಿದೂಗಿಸುತ್ತದೆ. ಆದರೆ ಸೋಡಾ ಮತ್ತು ಗ್ಲೂಕೋಸ್ ಒಂದೇ ಪೊಟ್ಟಣದಲ್ಲಿ ಸೆಕೆ, ತೇವದಲ್ಲಿ ಕೂತರೆ ಪುಡಿ ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಬೊನ್‌ಗಾಂವ್‌ನಲ್ಲಿ ತಿಂಗಳುಗಟ್ಟಲೆ ಇಡುವ ಪ್ರಶ್ನೆ ಇರಲಿಲ್ಲ. ಜಗತ್ತಿನ ಉಗ್ರಾಣಗಳಿಗೆ ಕಳಿಸಬೇಕಾಗಿ ಬಂದಾಗ ಇದೇ ದೊಡ್ಡ ತೊಡಕಾಯಿತು. 1984ರಲ್ಲಿ ಸೋಡಾ ತೆಗೆದು 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಹಾಕಿದ್ದು ಈ ಕಾರಣಕ್ಕೆ. ಇನ್ನೊಂದು: ಬೆರೆಸಿದ ಮೇಲೆ ಕುದಿಸಬಾರದು. ನೀರು ಆವಿಯಾಗಿ ಉಪ್ಪಿನ ಪ್ರಮಾಣ ಏರುತ್ತದೆ, ಸೋಡಾ ಇರುವ ಸೂತ್ರದಲ್ಲಿ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗುತ್ತದೆ. ಮೊದಲು ಕುದಿಸಿ, ಆರಿಸಿ, ಆಮೇಲೆ ಬೆರೆಸಬೇಕು.

---

ಅಂಕಿ_ನೋಟ

ಶೇ 30 ಮತ್ತು 3.6ರ ಬಗ್ಗೆ. ತಂಡದ ವರದಿ 1973ರಲ್ಲಿ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಜರ್ನಲ್‌ನ 132ನೇ ಸಂಪುಟದಲ್ಲಿ ಬಂತು. ಜೂನ್ ಕೊನೆಯ ವಾರದಿಂದ ಆಗಸ್ಟ್ ಕೊನೆಯವರೆಗೆ 3,700ಕ್ಕೂ ಹೆಚ್ಚು ರೋಗಿಗಳು, ಮರಣ ಪ್ರಮಾಣ ಶೇ 3.6. ನಿರಾಶ್ರಿತರಲ್ಲಿ ಅದಕ್ಕೆ ಮುಂಚೆ ಮತ್ತು ಬೇರೆಡೆ ಕಂಡ ಮರಣ ಪ್ರಮಾಣ ಶೇ 20ರಿಂದ 30.

"ಡ್ರಿಪ್‌ಗಿಂತ ಓಆರ್‌ಎಸ್ ಮೇಲು" ಎಂದು ಇದರಿಂದ ತೀರ್ಮಾನಿಸುವುದು ತಪ್ಪು. ಸಲೈನ್ ಧಾರಾಳವಾಗಿದ್ದು ಹಾಕಲು ನುರಿತ ಕೈಗಳೂ ಇದ್ದರೆ ಕಾಲರಾದಲ್ಲಿ ಸಾವು ಶೇ 1ಕ್ಕಿಂತ ಕೆಳಗಿಳಿಯುತ್ತದೆ. ಶೇ 30 ಎಂಬುದು ಡ್ರಿಪ್ಪಿನ ಸೋಲಲ್ಲ, ಡ್ರಿಪ್ ಸಿಗದೆ ಹೋದದ್ದರ, ಅರ್ಧಂಬರ್ಧ ಸಿಕ್ಕಿದ್ದರ ಲೆಕ್ಕ. ಬೊನ್‌ಗಾಂವ್‌ನಲ್ಲೂ ತೀವ್ರ ಸ್ಥಿತಿಯವರಿಗೆ ಮೊದಲು ಡ್ರಿಪ್ ಹಾಕಿದ್ದರು, ಆದ್ದರಿಂದ "ಓಆರ್‌ಎಸ್ ಒಂದರಿಂದಲೇ" ಎನ್ನುವುದೂ ಆಗದು. ಚೀಟಿ ಎತ್ತಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ ಇದಲ್ಲ. ಜನ ನೆಲದ ಮೇಲೆ ಸಾಯುತ್ತಿರುವಾಗ ಹಾಗೆ ಮಾಡುವುದು ನ್ಯಾಯವೂ ಆಗುತ್ತಿರಲಿಲ್ಲ.

ಹೋಲಿಕೆ ಸಡಿಲವಾಗಿದೆ ಎಂದ ಮಾತ್ರಕ್ಕೆ ಕೆಲಸದ ತೂಕ ಕಡಿಮೆಯಾಗುವುದಿಲ್ಲ. ದ್ರಾವಣ ಕೆಲಸ ಮಾಡುತ್ತದೆಯೇ ಎಂಬುದು 1968ರಲ್ಲೇ ಇತ್ಯರ್ಥವಾಗಿತ್ತು. ಅಳತೆಯ ಬಕೆಟ್ ಇಲ್ಲದೆ, ರಕ್ತ ಪರೀಕ್ಷೆ ಇಲ್ಲದೆ, ತರಬೇತಿಯೇ ಇಲ್ಲದ ಬಂಧುಗಳು ಕುಡಿಸಿದರೂ ಸಾವಿರಾರು ಜನರಲ್ಲಿ ಅದು ನಿಲ್ಲುತ್ತದೆಯೇ ಎಂಬುದು ಬೊನ್‌ಗಾಂವ್‌ನ ಪ್ರಶ್ನೆ. ಅದಕ್ಕೆ 3.6 ಸಾಕಷ್ಟು ಗಟ್ಟಿ ಉತ್ತರ. ಲೇಖನದಲ್ಲಿ ಹೀಗೆ ಬರೆಯಬಹುದು: "ಸಲೈನ್ ಸಾಲದ ಕಡೆ ಶೇ 20ರಿಂದ 30ರಷ್ಟಿದ್ದ ಸಾವು, ಬಾಯಿಯ ಮೂಲಕ ದ್ರಾವಣ ಕೊಡಲು ಶುರು ಮಾಡಿದ ಬೊನ್‌ಗಾಂವ್‌ನಲ್ಲಿ ಶೇ 3.6 ಇತ್ತು." ಇದಕ್ಕಿಂತ ಹೆಚ್ಚು ಹೇಳಬೇಡಿ.

---

ಹಳೇ_ಕಡತ

1971ಕ್ಕೇ ಲೇಖನ ನಿಲ್ಲಿಸಬೇಡಿ. ಆಮೇಲೆ ದಶಕಗಳ ಕಾಲ ಅವರು ಕೆಲಸ ಮಾಡಿದ್ದಾರೆ.

ಬೊನ್‌ಗಾಂವ್‌ಗೆ ಬಂದು ನೋಡಿದವರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಮುಖ್ಯರು. ಜಿನೀವಾದಲ್ಲಿ ಈ ಚಿಕಿತ್ಸೆಯ ಪರವಾಗಿ ಬಿಡದೆ ವಾದಿಸಿದವರು ಅವರು, 1978ರಲ್ಲಿ ಸಂಸ್ಥೆ ಭೇದಿ ನಿಯಂತ್ರಣಕ್ಕೆಂದೇ ಜಾಗತಿಕ ಕಾರ್ಯಕ್ರಮ ಶುರು ಮಾಡಿತು. ಮಹಲನಾಬಿಸ್ 1975ರಿಂದ 1979ರವರೆಗೆ ಸಂಸ್ಥೆಯ ಪರವಾಗಿ ಅಫ್ಘಾನಿಸ್ತಾನ, ಈಜಿಪ್ಟ್, ಯೆಮೆನ್‌ಗಳಲ್ಲಿ ಕಾಲರಾ ನಿಯಂತ್ರಣದ ಕೆಲಸದಲ್ಲಿದ್ದರು. ಮುಂದೆ ಢಾಕಾದ ಅಂತರರಾಷ್ಟ್ರೀಯ ಅತಿಸಾರ ಸಂಶೋಧನಾ ಕೇಂದ್ರದಲ್ಲಿ ಕ್ಲಿನಿಕಲ್ ಸಂಶೋಧನೆಯ ನಿರ್ದೇಶಕರಾದರು. ಆಮೇಲೆ ಕೋಲ್ಕತ್ತಕ್ಕೆ ಮರಳಿ ಸೊಸೈಟಿ ಫಾರ್ ಅಪ್ಲೈಡ್ ಸ್ಟಡೀಸ್ ಕಟ್ಟಿದರು. ಮಕ್ಕಳ ತೀವ್ರ ಶ್ವಾಸಕೋಶದ ಸೋಂಕಿಗೆ ಸತು ಮತ್ತು ಎ ವಿಟಮಿನ್ ಕೊಟ್ಟು ನೋಡಿದ 2004ರ ಪ್ರಯೋಗ ಅಲ್ಲಿಯ ಕೆಲಸಗಳಲ್ಲಿ ಒಂದು.

ಮಧ್ಯದ ಒಂದು ಪ್ರಯತ್ನ ಯಾವ ಶ್ರದ್ಧಾಂಜಲಿಯಲ್ಲೂ ಇರುವುದಿಲ್ಲ. ಹಳೆಯ ಓಆರ್‌ಎಸ್ ನೀರಿನ ಕೊರತೆ ನೀಗುತ್ತಿತ್ತು, ಭೇದಿಯ ಪ್ರಮಾಣವನ್ನು ಕಡಿಮೆ ಮಾಡುತ್ತಿರಲಿಲ್ಲ. ಮಗುವಿನ ಭೇದಿ ನಿಲ್ಲದಿದ್ದರೆ ತಾಯಿ ಮದ್ದು ಫಲಿಸಲಿಲ್ಲ ಎಂದುಕೊಳ್ಳುವುದು ಸಹಜ. ಹಾಗಾಗಿ ಭೇದಿಯನ್ನೂ ಇಳಿಸುವ "ಸೂಪರ್ ಓಆರ್‌ಎಸ್" ಸಾಧ್ಯವೇ ಎಂದು 1983ರಲ್ಲಿ ಮಹಲನಾಬಿಸ್ ಸಹೋದ್ಯೋಗಿಯೊಬ್ಬರ ಜೊತೆ ಬರೆದರು. ಸೋಡಿಯಂ ಒಳಗೆಳೆಯಲು ಗ್ಲೂಕೋಸ್ ಒಂದೇ ದಾರಿಯಲ್ಲ, ಗ್ಲೈಸಿನ್‌ನಂಥ ಅಮೈನೊ ಆಮ್ಲಗಳಿಗೂ ಬೇರೆ ಬಾಗಿಲುಗಳಿವೆ, ಎಲ್ಲವನ್ನೂ ಒಟ್ಟಿಗೆ ಬಳಸಿದರೆ ಹೇಗೆ ಎಂಬುದು ಆಲೋಚನೆ. ಗ್ಲೈಸಿನ್ ಸೇರಿಸಿದ ದ್ರಾವಣಗಳು ನಿರೀಕ್ಷಿಸಿದಷ್ಟು ಲಾಭ ತೋರಲಿಲ್ಲ, ಸೇರಿಸಿದ ಪ್ರತಿ ವಸ್ತುವೂ ಸಾಂದ್ರತೆ ಏರಿಸುತ್ತದೆ ಎಂಬುದು ತೊಡಕು. ಅಕ್ಕಿ ಹಿಟ್ಟಿನ ದ್ರಾವಣ ಕಾಲರಾದಲ್ಲಿ ಚೆನ್ನಾಗಿ ಕೆಲಸ ಮಾಡಿತು. ಲೀಟರಿಗೆ 50 ಗ್ರಾಂ ಹಿಟ್ಟು ಬೇಯಿಸಿ ಹಾಕಬಹುದು. ಪಿಷ್ಟದ ಅಣು ದೊಡ್ಡದು, ಕರುಳಿನಲ್ಲಿ ನಿಧಾನವಾಗಿ ಒಡೆದು ಗ್ಲೂಕೋಸ್ ಬಿಡುತ್ತದೆ, ಸಾಂದ್ರತೆ ಏರುವುದಿಲ್ಲ. ಬೇಯಿಸಬೇಕು, ಬೇಗ ಹುಳಿಯುತ್ತದೆ ಎಂಬುದು ಅದರ ಕಷ್ಟ.

ಕೊನೆಗೆ ಗೆದ್ದದ್ದು ಸೇರಿಸುವ ದಾರಿಯಲ್ಲ, ಕಡಿಮೆ ಮಾಡುವ ದಾರಿ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಲ್ಲಿ ಲೀಟರಿಗೆ ಉಪ್ಪು 2.6 ಗ್ರಾಂ, ನೀರಿಲ್ಲದ ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9. ಸೋಡಿಯಂ 75 ಮಿಲಿಮೋಲ್, ಗ್ಲೂಕೋಸ್ 75, ಒಟ್ಟು ಆಸ್ಮೋಲಾರಿಟಿ (ಕರಗಿದ ಎಲ್ಲ ಕಣಗಳ ಸಾಂದ್ರತೆ) 311ರಿಂದ 245ಕ್ಕೆ ಇಳಿಯಿತು. ಮಕ್ಕಳಲ್ಲಿ ಭೇದಿಯ ಪ್ರಮಾಣ ಸುಮಾರು ಶೇ 20, ವಾಂತಿ ಶೇ 30, ನಡುವೆ ಡ್ರಿಪ್ ಹಾಕಬೇಕಾಗಿ ಬರುವುದು ಶೇ 33 ಕಡಿಮೆಯಾಯಿತು.

ಪ್ರಶಸ್ತಿಗಳಿಗೆ ಎರಡು ಸಾಲು ಸಾಕು. 2002ರಲ್ಲಿ ಓಆರ್‌ಎಸ್ ಸಂಶೋಧಕರಾದ ಹಿರ್ಷ್‌ಹಾರ್ನ್, ನಾಲಿನ್, ಪಿಯರ್ಸ್ ಜೊತೆ ಮಕ್ಕಳ ವೈದ್ಯಕೀಯ ಸಂಶೋಧನೆಗೆ ಕೊಡುವ ಮೊದಲ ಪೊಲಿನ್ ಪ್ರಶಸ್ತಿ, 2006ರಲ್ಲಿ ಕ್ಯಾಶ್ ಮತ್ತು ನಾಲಿನ್ ಜೊತೆ ಥಾಯ್ಲೆಂಡಿನ ಪ್ರಿನ್ಸ್ ಮಹಿದೋಲ್ ಪ್ರಶಸ್ತಿ. ಎರಡೂ ಹಂಚಿಕೊಂಡವು ಎಂಬುದನ್ನು ಗಮನಿಸಿ, ಮೊದಲ ಉತ್ತರದಲ್ಲಿ ಹೇಳಿದ ವಂಶಾವಳಿಗೆ ಅದೇ ಸಾಕ್ಷಿ. ವೃತ್ತಿ ಶುರು ಮಾಡಿದ ಕೋಲ್ಕತ್ತದ ಇನ್‌ಸ್ಟಿಟ್ಯೂಟ್ ಆಫ್ ಚೈಲ್ಡ್ ಹೆಲ್ತ್‌ಗೆ ಉಳಿತಾಯದಿಂದ 1 ಕೋಟಿ ರೂಪಾಯಿ ಕೊಟ್ಟರು. ಇದನ್ನು ಬಿಡಬೇಡಿ.

---

ತಕ್ಕಡಿ

ಬೊನ್‌ಗಾಂವ್‌ನ ಮುಂದುವರಿಕೆಯಾಗಿ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯ ಕೆಲಸಕ್ಕೂ ಒಂದು ಪ್ಯಾರಾ ಇರಲಿ. 1980ರಿಂದ 1990ರವರೆಗೆ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಸುಮಾರು 1.2 ಕೋಟಿ ಮನೆಗಳ ತಾಯಂದಿರಿಗೆ ಕಲಿಸಿದರು: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಅಲ್ಲಿ ಪೊಟ್ಟಣವೂ ಇಲ್ಲ, ತಕ್ಕಡಿಯೂ ಇಲ್ಲ. ಕಲಿಸಿದ ಮೇಲೆ ತಾಯಂದಿರು ಮಾಡಿದ ನೀರಿನ ಮಾದರಿ ತರಿಸಿ ಉಪ್ಪಿನ ಪ್ರಮಾಣ ಪರೀಕ್ಷಿಸುತ್ತಿದ್ದರು. ಕಲಿಸಿದವರ ಸಂಬಳ ಎಷ್ಟು ಮನೆಗೆ ಹೋದರು ಎಂಬುದರ ಮೇಲಲ್ಲ, ತಾಯಂದಿರು ಎಷ್ಟು ಚೆನ್ನಾಗಿ ಕಲಿತರು ಎಂಬುದರ ಮೇಲೆ ನಿಂತಿತ್ತು. ಅದಿಲ್ಲದಿದ್ದರೆ ಚಿಟಿಕೆಯ ಅಳತೆ ದಿನದಿಂದ ದಿನಕ್ಕೆ ಜಾರುತ್ತದೆ.

---

ಮಿಲಿಮೋಲ್

ಪತ್ರಿಕೆಯಲ್ಲಿ ಸೂತ್ರ ಅಚ್ಚಾಗುವುದರಿಂದ ಒಂದು ಎಚ್ಚರಿಕೆ. 1971ರ ಮೂರು ವಸ್ತುಗಳ ಪಟ್ಟಿ ಚರಿತ್ರೆ. ಅದನ್ನು ಯಾರೂ ಮನೆಯಲ್ಲಿ ಮಾಡಿ ಮಗುವಿಗೆ ಕುಡಿಸದ ಹಾಗೆ ಪಕ್ಕದಲ್ಲೇ ಇವತ್ತಿನ ಕ್ರಮ ಹಾಕಿ.

ಪೊಟ್ಟಣ ಸಿಕ್ಕರೆ ಪೊಟ್ಟಣವೇ ಸರಿ. ಅದರ ಮೇಲೆ ಬರೆದಷ್ಟೇ ನೀರು, ಪೂರ್ತಿ ಪೊಟ್ಟಣ ಒಂದೇ ಸಲಕ್ಕೆ. ಅತಿ ಹೆಚ್ಚು ನಡೆಯುವ ತಪ್ಪು ಇಲ್ಲೇ: ಲೀಟರಿನ ಪೊಟ್ಟಣದಲ್ಲಿ 20.5 ಗ್ರಾಂ ಇರುತ್ತದೆ, 200 ಮಿಲಿಯದರಲ್ಲಿ 4 ಗ್ರಾಂ ಚಿಲ್ಲರೆ. ದೊಡ್ಡದನ್ನು ಒಂದು ಲೋಟ ನೀರಿಗೆ ಸುರಿದರೆ ಸೋಡಿಯಂ 75ರ ಬದಲು 375, ಆಸ್ಮೋಲಾರಿಟಿ 1,200ರ ಮೇಲೆ. ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು. ಸ್ವಲ್ಪ ಸ್ವಲ್ಪ ಪುಡಿ ತೆಗೆದು ಬೆರೆಸುವುದೂ ತಪ್ಪು, ಪುಡಿಯಲ್ಲಿ ಉಪ್ಪು, ಗ್ಲೂಕೋಸ್ ಸಮನಾಗಿ ಹರಡಿರುವುದಿಲ್ಲ. ಹಾಲು, ಹಣ್ಣಿನ ರಸ, ಸೋಡಾ ಪಾನೀಯಕ್ಕೆ ಬೆರೆಸಬಾರದು. ಬೆರೆಸಿದ್ದು 24 ಗಂಟೆಯ ಮೇಲೆ ಉಳಿದರೆ ಚೆಲ್ಲಬೇಕು.

ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ತಲೆಸಮ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ. ಎದೆಹಾಲು, ಊಟ ನಿಲ್ಲಿಸಬಾರದು. ಮಗು ಕುಡಿಯಲಾರದಷ್ಟು ಸೊರಗಿದ್ದರೆ, ಪ್ರಜ್ಞೆ ಮಂಕಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆ.

---

ಗೋಡೆಪತ್ರಿಕೆ

ಎಲ್ಲರಿಗೂ ಧನ್ಯವಾದ. ತಲೆಬರಹದಿಂದ "ಕಂಡುಹಿಡಿದವರು" ತೆಗೆದೆ. 1971, 1975, 2002ರ ಸೂತ್ರಗಳು ಒಂದೇ ಕೋಷ್ಟಕದಲ್ಲಿ ಪಕ್ಕಪಕ್ಕ ಬರುತ್ತವೆ, ಗ್ಲೂಕೋಸ್ ಯಾವ ಬಗೆಯದು ಎಂಬುದು ಪ್ರತಿ ಅಂಕಿಯ ಕೆಳಗೆ ಇರುತ್ತದೆ. ಎಚ್ಚರಿಕೆಯ ಚೌಕ ಕೋಷ್ಟಕಕ್ಕೆ ಅಂಟಿಕೊಂಡೇ ಇರುತ್ತದೆ, ಮುಂದಿನ ಪುಟಕ್ಕೆ ಹೋಗದ ಹಾಗೆ ನೋಡಿಕೊಳ್ಳುತ್ತೇನೆ. ಮುಂದಿನ ಸಂಚಿಕೆಗೆ ಶಂಭುನಾಥ ಡೇ. ಅವರ ಮೊಲದ ಕರುಳಿನ ಪ್ರಯೋಗದ ಬಗ್ಗೆ ಬೇರೆ ಪ್ರಶ್ನೆ ಹಾಕುತ್ತೇನೆ.